ಕಾಯುವ ಎಂಜಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ಹಳೇ ಬೈಕನ್ನು ಬಾಬರ್, ಕೆಫೆ ರೇಸರ್, ಸ್ಕ್ರ್ಯಾಂಬ್ಲರ್ ಅಂತ ಬೇರೆ ಬೇರೆ ರೂಪಕ್ಕೆ ಮಾಡಿಸಿಕೊಂಡ ಮೇಲೆ ಎಂಜಿನ್ ಮೊದಲಿಗಿಂತ ಜಾಸ್ತಿ ಕಾಯುತ್ತಿದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ರೇಡಿಯೇಟರ್ ಇಲ್ಲದ, ಬೀಸುವ ಗಾಳಿಯಲ್ಲೇ ತಣಿಯುವ ಎಂಜಿನ್‌ಗಳ ವಿಚಾರ ಮಾತ್ರ ಇಲ್ಲಿದೆ.

ಪ್ರಶ್ನೆ: ನನ್ನದು 2004ರ ಬುಲೆಟ್ 350, ಕಾಸ್ಟ್ ಐರನ್ ಬ್ಲಾಕ್. ಬಾಬರ್ ಮಾಡಿಸುವಾಗ ಏರ್ ಫಿಲ್ಟರ್ ಡಬ್ಬಿ ತೆಗೆಸಿ ಕೋನ್ ಫಿಲ್ಟರ್, ಮೋಟು ಸೈಲೆನ್ಸರ್ ಹಾಕಿಸಿದೆ. ಕಾರ್ಬೊರೇಟರಿನ ಮೇನ್ ಜೆಟ್ಟನ್ನೂ (ಪೆಟ್ರೋಲ್ ಹರಿಯುವ ತೂತಿನ ತಿರುಪು) ದೊಡ್ಡದು ಹಾಕಿದ್ದಾರೆ. ಆದರೂ 60–65ರಲ್ಲಿ ಇಪ್ಪತ್ತು ಕಿ.ಮೀ. ಓಡಿಸಿದರೆ ಪಿಕಪ್ ಬಿದ್ದುಹೋಗುತ್ತದೆ. ಕೀ ಆಫ್ ಮಾಡಿದ ಮೇಲೂ ಎಂಜಿನ್ ಎರಡು ಮೂರು ಸಲ ಬಡಿದು ಆಮೇಲೆ ನಿಲ್ಲುತ್ತದೆ. ಆಯಿಲ್ ಕೂಲರ್ ಹಾಕಿಸಲೇ? (ಶಿವಮೊಗ್ಗ)

ಉತ್ತರ: ಈಗಲೇ ಬೇಡ. ಕೂಲರ್ ಹುಟ್ಟಿದ ಬಿಸಿಯನ್ನು ಹೊರಗೆ ಹಾಕಬಲ್ಲದು, ಬಿಸಿ ಹುಟ್ಟುವುದನ್ನು ತಡೆಯಲಾರದು. ಬೈಕ್ ಕಂಪನಿಯಿಂದ ಬಂದ ಹಾಗೇ ಇದ್ದಾಗ ಕಾಯುತ್ತಿರಲಿಲ್ಲ ಅಂದರೆ, ಬದಲಾಯಿಸಿದ ಯಾವುದೋ ಒಂದು ಭಾಗ ಹೆಚ್ಚು ಬಿಸಿ ಹುಟ್ಟಿಸುತ್ತಿದೆ. ಮೊದಲು ಅದನ್ನು ಹುಡುಕಬೇಕು.

ನಿಮ್ಮ ಪತ್ರದಲ್ಲೇ ಸುಳಿವಿದೆ. 60–65ರಲ್ಲಿ ಓಡುವಾಗ ಆಕ್ಸಿಲರೇಟರ್ ಕಾಲು ಭಾಗದಿಂದ ಅರ್ಧದೊಳಗೆ ತಿರುಗಿರುತ್ತದೆ. ಅಲ್ಲಿ ಪೆಟ್ರೋಲ್ ಅಳೆದು ಕೊಡುವುದು ಮೇನ್ ಜೆಟ್ ಅಲ್ಲ, ನೀಡಲ್ ಎಂಬ ಸೂಜಿ. ಮೇನ್ ಜೆಟ್ಟಿನ ಮಾತು ನಡೆಯುವುದು ಮುಕ್ಕಾಲು ತಿರುವಿನ ಮೇಲೆ. ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ (ಆಕ್ಸಿಲರೇಟರ್ ತಿರುಗಿಸಿದಂತೆ ಮೇಲೇಳುವ ಭಾಗ) ತಳದ ಕತ್ತರಿಕೆ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಕೋನ್ ಫಿಲ್ಟರ್, ತೆರೆದ ಸೈಲೆನ್ಸರ್ ಹಾಕಿಸಿದ ಬೈಕ್‌ಗಳಲ್ಲಿ ಮೇನ್ ಜೆಟ್ ಮಾತ್ರ ಬದಲಾಯಿಸಿ ಕಳಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಗ್ಯಾರೇಜ್ ಮುಂದೆ ಫುಲ್ ತಿರುಗಿಸಿದಾಗ ಬೈಕ್ ಚೆನ್ನಾಗಿ ಕೂಗುತ್ತದೆ. ಹೈವೇ ಹತ್ತಿ ಒಂದೇ ವೇಗದಲ್ಲಿ ಓಡುವಾಗ ಮಾತ್ರ ಪೆಟ್ರೋಲ್ ಸಾಲದೆ ಲೀನ್ ಆಗಿ ಉರಿಯುತ್ತಿರುತ್ತದೆ.

ಕಾರ್ಬೊರೇಟರ್ ಮೇಲಿನ ಮುಚ್ಚಳ ಬಿಚ್ಚಿ ಸ್ಲೈಡ್ ಹೊರಗೆಳೆದರೆ ನೀಡಲ್ ತಲೆಯ ಹತ್ತಿರ ಗೆರೆ ಕೊರೆದ ಹಾಗೆ ಕಚ್ಚುಗಳು, ಅದರಲ್ಲೊಂದಕ್ಕೆ ಸಿಕ್ಕಿಸಿದ ಪುಟ್ಟ ಕ್ಲಿಪ್ ಕಾಣುತ್ತದೆ. ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿ. ಕ್ಲಿಪ್ ಇಳಿದರೆ ನೀಡಲ್ ಮೇಲೇರುತ್ತದೆ, ಗಾಳಿ-ಪೆಟ್ರೋಲ್ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಒಂದು ಸಲಕ್ಕೆ ಒಂದೇ ಕಚ್ಚು, ನಡುವೆ ಓಡಿಸಿ ನೋಡಿ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬೊರೇಟರ್ ಮತ್ತು ಹೆಡ್ (ಎಂಜಿನ್ನಿನ ಮೇಲ್ಭಾಗ) ನಡುವಿನ ಜಾಯಿಂಟಿಗೆ ಸುತ್ತಲೂ ಸೋಪಿನ ನೀರು ಸಿಂಪಡಿಸಿ. ಐಡಲ್ ಏರುಪೇರಾದರೆ ಅಥವಾ ನೀರನ್ನು ಒಳಗೆ ಎಳೆದುಕೊಂಡಂತೆ ಕಂಡರೆ ಅಲ್ಲಿಂದ ಕಳ್ಳಗಾಳಿ ಹೋಗುತ್ತಿದೆ. ಕೋನ್ ಫಿಲ್ಟರ್ ಹಾಕಿದ ಮೇಲೆ ಕಾರ್ಬೊರೇಟರಿಗೆ ಹಿಂದಿನಿಂದ ಆಸರೆ ಇರುವುದಿಲ್ಲ. ಬುಲೆಟ್ಟಿನ ಅದುರಿಗೆ ಅದು ಜೋತಾಡಿ ರಬ್ಬರ್ ಸೀಳುತ್ತದೆ, ಇಲ್ಲವೇ ಫ್ಲ್ಯಾಂಜ್ ಸೊಟ್ಟಗಾಗುತ್ತದೆ. ಕಳ್ಳಗಾಳಿ ಇರುವಾಗ ಯಾವ ಜೆಟ್ ಹಾಕಿದರೂ ಲೆಕ್ಕ ತಪ್ಪುತ್ತದೆ.

ಮಿಶ್ರಣ ಸರಿಯಾಯಿತೇ ಅಂತ ನೋಡಲು ಹೊಸ ಪ್ಲಗ್ ಹಾಕಿ, ಖಾಲಿ ನೇರ ರಸ್ತೆಯಲ್ಲಿ ನಾಲ್ಕೈದು ಕಿ.ಮೀ. ನಿಮಗೆ ತೊಂದರೆ ಕೊಡುವ ಅದೇ 60–65ರಲ್ಲಿ ಓಡಿಸಿ. ಆಮೇಲೆ ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆಫ್ ಮಾಡಿ, ಉರುಳಿಕೊಂಡು ಬಂದು ನಿಲ್ಲಿಸಿ. ಐಡಲ್‌ನಲ್ಲಿ ಬಿಟ್ಟರೆ ಪ್ಲಗ್ಗಿನ ಬಣ್ಣ ಸುಳ್ಳು ಹೇಳುತ್ತದೆ. ಪ್ಲಗ್ ಬಿಚ್ಚಿ ಪಿಂಗಾಣಿಯ ತುದಿಯನ್ನಲ್ಲ, ಅದು ಲೋಹದೊಳಗೆ ಇಳಿಯುವ ಬುಡವನ್ನು ಟಾರ್ಚ್ ಬಿಟ್ಟು ನೋಡಿ. ಈಗಿನ ಸೀಸವಿಲ್ಲದ ಪೆಟ್ರೋಲ್‌ನಲ್ಲಿ ತುದಿ ಬಿಳಿಚಿಕೊಂಡೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಬುಡದಲ್ಲಿ ಸಣ್ಣ ಕಂದು ಉಂಗುರ ಕಂಡರೆ ಸರಿ. ಬುಡದವರೆಗೂ ಸುಣ್ಣದ ಹಾಗೆ ಬಿಳಿಯಾಗಿದ್ದರೆ ಇನ್ನೂ ಲೀನ್. ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ, ಹೊಳೆಯುವ ಚುಕ್ಕೆಗಳು ಅಂಟಿದ್ದರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ. ನಾಕಿಂಗ್‌ನಿಂದ (ಮಿಶ್ರಣ ಒಮ್ಮೆಲೇ ಸಿಡಿದು ಎಂಜಿನ್ ಟಣಟಣ ಬಡಿಯುವುದು) ಪಿಸ್ಟನ್ ತಲೆ ಕರಗಲು ಶುರುವಾಗಿದೆ ಎಂದರ್ಥ. ಅಂಥ ಬೈಕನ್ನು ಮನೆಯವರೆಗೂ ಓಡಿಸಬೇಡಿ.

ಎರಡನೆಯದು ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಬೀಳುವ ಗಳಿಗೆ. ಕಿಡಿ ತಡವಾಗಿ ಬಿದ್ದರೆ ಪೆಟ್ರೋಲ್ ಪಿಸ್ಟನ್ ಕೆಳಗಿಳಿಯುವಾಗಲೂ ಉರಿಯುತ್ತಲೇ ಇದ್ದು, ಆ ಬಿಸಿಯೆಲ್ಲ ಬ್ಲಾಕ್, ಎಕ್ಸಾಸ್ಟ್ ವಾಲ್ವ್ ಮತ್ತು ಬೆಂಡ್ ಪೈಪ್ (ಹೆಡ್ಡಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಪೈಪ್) ಪಾಲಾಗುತ್ತದೆ. ನಿಮ್ಮ ಬೈಕಿನಲ್ಲಿ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚು) ಇದ್ದರೆ ಗ್ಯಾಪ್ 0.35ರಿಂದ 0.40 ಮಿ.ಮೀ. ಇಡಿ. ವೇಗ ಏರಿದಂತೆ ಕಿಡಿಯನ್ನು ಬೇಗ ಬೀಳಿಸುವ ಅಡ್ವಾನ್ಸ್ ಬಿಚ್ಚಿಕೊಳ್ಳದೆ ಕೂತಿರುವಾಗ ಪಿಸ್ಟನ್ ಮೇಲ್ತುದಿಗೆ 0.8 ಮಿ.ಮೀ. ಮೊದಲು ಪಾಯಿಂಟ್ ತೆರೆಯಬೇಕು. ಪಾಯಿಂಟ್ ಪ್ಲೇಟಿನ ಹಿಂದಿರುವ ಆಟೊ ಅಡ್ವಾನ್ಸನ್ನು ಬೆರಳಲ್ಲಿ ತಿರುಗಿಸಿ ಬಿಡಿ, ಟಪ್ ಅಂತ ತನ್ನ ಜಾಗಕ್ಕೆ ಮರಳಬೇಕು. ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಬೈಕ್ ಎಷ್ಟು ವೇಗದಲ್ಲಿದ್ದರೂ ಕಿಡಿ ತಡವಾಗಿಯೇ ಬೀಳುತ್ತದೆ. ವರ್ಷಗಟ್ಟಲೆ ನಿಂತಿದ್ದ ಬೈಕನ್ನು ಮಾಡಿಫೈ ಮಾಡಿಸಿದವರಲ್ಲಿ ಈ ತೊಂದರೆ ತುಂಬ ಸಾಮಾನ್ಯ.

ಟ್ಯಾಪೆಟ್ (ವಾಲ್ವ್ ತೆರೆಯುವ ಜೋಡಣೆಯ ಸಡಿಲ) ಕೂಡ ನೋಡಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ಸುತ್ತಬೇಕು, ಮೇಲೆ ಕೆಳಗೆ ಆಟ ಇರಬಾರದು. ಸದ್ದಾಗದಿರಲಿ ಅಂತ ಬಿಗಿ ಮಾಡಿಸಬೇಡಿ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಸೀಟಿನ ಮೇಲೆ ಕೂತಾಗಲೇ ಹೆಡ್ಡಿಗೆ ದಾಟಿಸುವುದು. ಪೂರ್ತಿ ಕೂರದ ವಾಲ್ವ್ ಕೆಂಪಗೆ ಕಾಯುತ್ತದೆ. ಕೀ ಆಫ್ ಆದ ಮೇಲೂ ಬಡಿಯುವುದಕ್ಕೆ ಇಂಥ ಕಾದ ವಾಲ್ವ್ ಅಥವಾ ಪಿಸ್ಟನ್ ತಲೆಯ ಕಾರ್ಬನ್ ಕೆಂಡವೇ ಕಾರಣ, ಏಕೆಂದರೆ ಆಗ ಪ್ಲಗ್ಗಿಗೆ ಕರೆಂಟೇ ಇರುವುದಿಲ್ಲ.

ಕೊನೆಗೆ, ಐಡಲ್‌ನಲ್ಲಿ, ವಾಲ್ವ್ ಒತ್ತುವ ರಾಕರಿಗೆ ಹೋಗುವ ಸಣ್ಣ ಆಯಿಲ್ ಪೈಪಿನ ಬ್ಯಾಂಜೊ ಬೋಲ್ಟನ್ನು ಹೆಡ್ ಹತ್ತಿರ ಅರ್ಧ ಸುತ್ತು ಸಡಿಲಿಸಿ. ಅರ್ಧ ನಿಮಿಷದೊಳಗೆ ಆಯಿಲ್ ಒಸರಬೇಕು. ಒಸರದಿದ್ದರೆ ಎಂಜಿನ್ ಆಫ್ ಮಾಡಿ, ಆಯಿಲ್ ಪಂಪ್ ಮತ್ತು ಫಿಲ್ಟರ್ ಬಿಚ್ಚಿಸಿ.

ಪ್ರಶ್ನೆ: ಎಂಜಿನ್ ಪೂರ್ತಿ ಕಪ್ಪು ಪೌಡರ್ ಕೋಟ್ ಮಾಡಿಸಬೇಕೆಂದಿದ್ದೇನೆ. ಕೋಟಿಂಗ್ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ ಅಂತ ಕೆಲವರು, ಕಪ್ಪು ಬಣ್ಣ ಬಿಸಿ ಬಿಡುತ್ತದೆ ಅಂತ ಕೆಲವರು ಹೇಳುತ್ತಾರೆ. ಯಾರ ಮಾತು ಸರಿ? (ಹುಬ್ಬಳ್ಳಿ)

ಉತ್ತರ: ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ಸತ್ಯವಿದೆ, ಆದರೆ ನಿಜವಾದ ಅಪಾಯ ಎರಡೂ ಅಲ್ಲ. ಪೌಡರ್ ಕೋಟ್ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಓಡುವ ಬೈಕಿನ ಫಿನ್ನಿನಿಂದ (ಎಂಜಿನ್ ಸುತ್ತಲಿನ ಲೋಹದ ರೆಕ್ಕೆ) ಗಾಳಿಗೆ ಬಿಸಿ ದಾಟುವುದಕ್ಕೆ ಇರುವ ತಡೆಯ ಮುಂದೆ ಈ ಪದರದ ತಡೆ ನೂರಕ್ಕೆ ಎರಡು ಮೂರರಷ್ಟು ಮಾತ್ರ. ಕಪ್ಪು ಮೇಲ್ಮೈ ಪಾಲಿಶ್ ಮಾಡಿದ ಅಲ್ಯುಮಿನಿಯಮ್ಮಿಗಿಂತ ಎಷ್ಟೋ ಚೆನ್ನಾಗಿ ಬಿಸಿಯನ್ನು ಹೊರಸೂಸುವುದೂ ನಿಜ, ಆದರೆ ಅದರ ಲಾಭ ಕಾಣುವುದು ಬೈಕ್ ನಿಂತಾಗ.

ಕೆಡುವುದು ಬೇರೆ ಕಡೆ. ಕೋಟಿಂಗ್‌ಗೆ ಮೊದಲು ಸ್ಯಾಂಡ್ ಬ್ಲಾಸ್ಟ್ ಮಾಡುತ್ತಾರೆ. ಆ ಮರಳಿನ ಹುಡಿ ಹೆಡ್ಡಿನ ಆಯಿಲ್ ದಾರಿ, ಸ್ಟಡ್ಡಿನ ತೂತು, ವಾಲ್ವ್ ಗೈಡ್ ಸಂದಿಯಲ್ಲಿ ಉಳಿದುಕೊಂಡರೆ ಬ್ಲಾಕ್ ಮತ್ತು ಬೇರಿಂಗ್‌ಗಳನ್ನು ಉಪ್ಪುಕಾಗದದಂತೆ ಉಜ್ಜಿಹಾಕುತ್ತದೆ. ಹೊಸ ಬೋರ್ ಮಾಡಿಸಿದ ಎಂಜಿನ್ ಕೆಲವೇ ನೂರು ಕಿ.ಮೀ.ಗೆ ಹೊಗೆ ಬಿಟ್ಟು ಕಾಯತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬ್ಲಾಸ್ಟಿಗೆ ಕೊಡುವ ಮೊದಲು ಪ್ರತಿ ತೂತಿಗೂ ರಬ್ಬರ್ ಬಿರಡೆ ಹಾಕಿಸಿ. ವಾಪಸ್ ಬಂದ ಮೇಲೆ ಬಿಸಿ ಸೋಪು ನೀರಲ್ಲಿ ತೊಳೆದು, ಪ್ರತಿ ಆಯಿಲ್ ದಾರಿಗೂ ಸಣ್ಣ ಬ್ರಶ್ ಹಾಯಿಸಿ, ಕಂಪ್ರೆಸರ್ ಗಾಳಿ ಊದಿಸಿ. ಇದನ್ನು ಕೋಟಿಂಗ್ ಅಂಗಡಿಗೆ ಬಿಡಬೇಡಿ, ನೀವೇ ನಿಂತು ಮಾಡಿಸಿ.

ಇನ್ನೊಂದು, ಹೆಡ್ ನಟ್ ಕೂರುವ ಜಾಗ ಮತ್ತು ಗ್ಯಾಸ್ಕೆಟ್ ಮುಖಕ್ಕೆ ಕೋಟಿಂಗ್ ತಾಗಲೇಬಾರದು. ನಟ್ಟಿನ ಕೆಳಗಿನ ಪದರ ಬಿಸಿಗೆ ಮೆತ್ತಗಾಗಿ ಜರುಗುತ್ತದೆ, ಬಿಗಿತ ಸಡಿಲಾಗಿ ಗ್ಯಾಸ್ಕೆಟ್ ಉರಿಯುತ್ತದೆ. ಹೇಗಿದ್ದರೂ 300 ಕಿ.ಮೀ. ಓಡಿದ ಮೇಲೆ ತಣ್ಣಗಿನ ಎಂಜಿನ್ನಿನ ಹೆಡ್ ನಟ್ಟಿಗೆ ಮತ್ತೊಮ್ಮೆ ಟಾರ್ಕ್ ಹಾಕಿಸಿ, ಅಂದರೆ ಹೇಳಿದ ಬಿಗಿತಕ್ಕೆ ಅಳೆದು ಬಿಗಿಸಿ. ನಮ್ಮನ್ನು ಕೇಳಿದರೆ ಬಿಸಿ ತಡೆಯುವ ಸಿಲಿಕೋನ್ ಕಪ್ಪು ಪೇಂಟನ್ನು ತೆಳ್ಳಗೆ ಎರಡು ಕೈ ಹೊಡೆದರೆ ಸಾಕು. ಫಿನ್ನುಗಳ ಸಂದಿ ಮುಚ್ಚುವಷ್ಟು ದಪ್ಪ ಬೇಡ. ಅಂದಕ್ಕೆಂದು ಫಿನ್ನುಗಳ ಅಂಚು ಗ್ರೈಂಡ್ ಮಾಡಿಸುವವರೂ ಇದ್ದಾರೆ. ಅದು ಎಂಜಿನ್ನಿನ ರೇಡಿಯೇಟರನ್ನೇ ಕತ್ತರಿಸಿದ ಹಾಗೆ, ದಯವಿಟ್ಟು ಮಾಡಿಸಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಬೈಕ್ ಕಟ್ಟಿಸಿದೆ. ಅಲ್ಲಿ ಎಷ್ಟು ಓಡಿಸಿದರೂ ತೊಂದರೆ ಇರಲಿಲ್ಲ. ಊರಿಗೆ ತಂದ ಮೇಲೆ ಮಂಗಳೂರು ರಸ್ತೆಯಲ್ಲಿ ನಾಕಿಂಗ್ ಬರುತ್ತದೆ, ಕಾಲಿಗೆ ಬಿಸಿ ರಾಚುತ್ತದೆ. ಸೆಕೆ ಕಾರಣವೇ? (ಪುತ್ತೂರು)

ಉತ್ತರ: ಸೆಕೆಗಿಂತ ಎತ್ತರ ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಲ್ಲಿನ ಗಾಳಿ ಕರಾವಳಿಗಿಂತ ಸುಮಾರು ಶೇ 9ರಷ್ಟು ತೆಳು. ಘಾಟಿ ಇಳಿದರೆ ಅದೇ ಜೆಟ್ಟಿಗೆ ಮಿಶ್ರಣ ಶೇ 4ರಷ್ಟು ಲೀನ್ ಆಗುತ್ತದೆ. ಕರಾವಳಿಯ ಬಿಸಿ ಗಾಳಿ ಅದರಲ್ಲಿ ಸ್ವಲ್ಪ ಪಾಲನ್ನು ಸರಿದೂಗಿಸಿದರೂ ಪೂರ್ತಿ ಅಲ್ಲ. ಬೆಂಗಳೂರಿನಲ್ಲಿ ಮೈಲೇಜ್ ಬರಲಿ ಅಂತ ಲೀನ್ ಅಂಚಿನಲ್ಲಿ ಟ್ಯೂನ್ ಮಾಡಿದ್ದರೆ ಪುತ್ತೂರಿನಲ್ಲಿ ಅದು ಅಂಚು ದಾಟುತ್ತದೆ. ದಟ್ಟ ಗಾಳಿಯಲ್ಲಿ ಸಿಲಿಂಡರ್ ಹೆಚ್ಚು ತುಂಬಿ ಒತ್ತಡವೂ ಏರುವುದರಿಂದ ನಾಕಿಂಗ್ ಬೇಗ ಬರುತ್ತದೆ.

ಪೆಟ್ರೋಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಇ20ಯಲ್ಲಿರುವ (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಎಥನಾಲ್ ಆಮ್ಲಜನಕವನ್ನು ತಾನೇ ಹೊತ್ತು ತರುವುದರಿಂದ, ಬರಿ ಪೆಟ್ರೋಲಿಗೆ ಹೊಂದಿಸಿದ ಹಳೇ ಕಾರ್ಬೊರೇಟರ್ ಅದರಲ್ಲಿ ಸುಮಾರು ಶೇ 7ರಷ್ಟು ಲೀನ್ ಓಡುತ್ತದೆ. ಇಂಜೆಕ್ಷನ್ ಬೈಕಿನಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ.

ನೀಡಲ್ ಕ್ಲಿಪ್ ಒಂದು ಕಚ್ಚು ಇಳಿಸಿ, ಮೇನ್ ಜೆಟ್ ಒಂದು ನಂಬರ್ ಏರಿಸಿ. ಒಮ್ಮೆಲೇ ದೊಡ್ಡ ಜಿಗಿತ ಬೇಡ. ಜೆಟ್ಟಿನ ನಂಬರ್ ತೂತಿನ ವ್ಯಾಸದ ಲೆಕ್ಕದ್ದಾಗಿದ್ದರೆ, 90ರಿಂದ 95ಕ್ಕೆ ಹೋದರೂ ತೂತಿನ ವಿಸ್ತಾರ ಶೇ 11 ಹೆಚ್ಚುತ್ತದೆ. ತಂತಿ ತೂರಿಸಿ ದೊಡ್ಡದು ಮಾಡಿದ ಜೆಟ್ಟನ್ನು ಮುಟ್ಟಬೇಡಿ, ಅದರ ನಂಬರಿಗೂ ತೂತಿಗೂ ಸಂಬಂಧವೇ ಇರುವುದಿಲ್ಲ.

ಪ್ರಶ್ನೆ: ತಣ್ಣನೆ (ತುದಿಯ ಬಿಸಿಯನ್ನು ಬೇಗ ದಾಟಿಸುವ) ಪ್ಲಗ್ ಹಾಕಿದರೆ ಎಂಜಿನ್ ತಣ್ಣಗಾಗುತ್ತದೆಯೇ? (ದಾವಣಗೆರೆ)

ಉತ್ತರ: ಇಲ್ಲ. ತಣ್ಣಗಾಗುವುದು ಪ್ಲಗ್ಗಿನ ತುದಿ ಮಾತ್ರ. ತುದಿ ಸುಮಾರು 500 ಡಿಗ್ರಿಗಿಂತ ಕೆಳಗಿದ್ದರೆ ಮಸಿ ಕಟ್ಟುತ್ತದೆ, 850 ದಾಟಿದರೆ ಕಿಡಿ ಬೀಳುವ ಮೊದಲೇ ತಾನೇ ಬೆಂಕಿ ಹಚ್ಚತೊಡಗುತ್ತದೆ. ಕಂಪ್ರೆಶನ್ ಏರಿಸಿದ ಎಂಜಿನ್ನಿಗೆ ಒಂದು ಹಂತ ತಣ್ಣನೆಯದು ಹಾಕುವುದು ಸರಿ. ನಂಬರ್ ಓದುವಾಗ ಎಚ್ಚರ: ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ತಣ್ಣನೆ, ಬಾಷ್‌ನ ಈಗಿನ ಪ್ಲಗ್‌ಗಳಲ್ಲಿ ದೊಡ್ಡದಾದಷ್ಟೂ ಬಿಸಿ, ಆದರೆ ನಮ್ಮ ಹಳೇ ಮೈಕೋದ ಮೂರಂಕಿ ನಂಬರ್‌ಗಳಲ್ಲಿ ದೊಡ್ಡದಾದಷ್ಟೂ ತಣ್ಣನೆ. ಒಂದರ ಬದಲು ಇನ್ನೊಂದು ತರುವಾಗ ಇದು ತಲೆಕೆಳಗಾಗಿ ಪಿಸ್ಟನ್ ತೂತಾದದ್ದುಂಟು.

ಪ್ರಶ್ನೆ: ನನ್ನದು ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್ನಿನ ರಾಯಲ್ ಎನ್‌ಫೀಲ್ಡ್ 500, ಸ್ಕ್ರ್ಯಾಂಬ್ಲರ್ ಮಾಡಿಸಿದ್ದು. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42–43 ದಾಟುತ್ತದೆ. ದಪ್ಪ ಆಯಿಲ್ ಹಾಕಲೇ, ಕೂಲರ್ ಹಾಕಿಸಲೇ? (ಕಲಬುರಗಿ)

ಉತ್ತರ: ಮೊದಲು ಅಳೆಯಿರಿ. ಪ್ಲಗ್ಗಿನ ವಾಷರ್ ಜಾಗದಲ್ಲಿ ಕೂರುವ ಉಂಗುರದಂಥ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಮತ್ತು ಸಣ್ಣ ಮೀಟರ್ ದುಬಾರಿಯೇನಲ್ಲ. ಉಂಗುರದ ಅಳತೆ ಮಾತ್ರ ನಿಮ್ಮ ಪ್ಲಗ್ಗಿನ ಥ್ರೆಡ್ಡಿಗೆ ಸರಿಯಾಗಿರಲಿ. ಹೈವೇಯಲ್ಲಿ ಅದು 150ರಿಂದ 200 ಡಿಗ್ರಿ ತೋರಿಸಿದರೆ ಗಾಳಿಯಲ್ಲಿ ತಣಿಯುವ ಎಂಜಿನ್ನಿಗೆ ಸಹಜ. 230 ದಾಟಿ ಏರುತ್ತಲೇ ಇದ್ದರೆ ಆಕ್ಸಿಲರೇಟರ್ ಇಳಿಸಿ ಕಾರಣ ಹುಡುಕಬೇಕು. ಗನ್ನಿನಂಥ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರು ಹೊಳೆಯುವ ಅಲ್ಯುಮಿನಿಯಂ ಮೇಲೆ ಹಿಡಿಯಬೇಡಿ, ನಿಜಕ್ಕಿಂತ ತೀರ ಕಡಿಮೆ ತೋರಿಸುತ್ತದೆ. ಹೆಡ್ ಮೇಲೆ ನಾಲ್ಕಾಣೆ ಅಗಲಕ್ಕೆ ಮ್ಯಾಟ್ ಕಪ್ಪು ಪೇಂಟ್ ಬಳಿದು, ಯಾವಾಗಲೂ ಆ ಬೊಟ್ಟಿನ ಮೇಲೇ ಹಿಡಿಯಿರಿ.

ಆಯಿಲ್ ವಿಚಾರ: 90ರಿಂದ 120 ಡಿಗ್ರಿ ಆಯಿಲ್‌ಗೆ ಹಿತವಾದ ಬಿಸಿ. 130ರ ಮೇಲೆ ಮಿನರಲ್ ಆಯಿಲ್ ಬೇಗ ಸವೆಯುತ್ತದೆ. ಕಂಪನಿ ಹೇಳಿದ 15ಡಬ್ಲ್ಯು-50 ದರ್ಜೆಯಲ್ಲೇ ಒಳ್ಳೆಯ ಸಿಂಥೆಟಿಕ್ ಹಾಕಿ, ಡಬ್ಬಿಯ ಮೇಲೆ ಜಾಸೊ ಎಂಎ (ಆಯಿಲ್‌ನಲ್ಲಿ ಮುಳುಗಿದ ಬೈಕ್ ಕ್ಲಚ್ಚಿಗೆ ಹೊಂದುತ್ತದೆ ಎಂಬ ಗುರುತು) ಅಂತ ಇರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ, ಜಾರುವ ಕ್ಲಚ್ಚಿನ ಬಿಸಿಯೂ ಅದೇ ಆಯಿಲ್‌ಗೆ ಸೇರುತ್ತದೆ. ಬೇಸಿಗೆಯಲ್ಲಿ ಆಯಿಲ್ ಬದಲಿಸುವ ಅಂತರ ಕಡಿಮೆ ಮಾಡುವುದು ದಪ್ಪ ಆಯಿಲ್‌ಗಿಂತ ಹೆಚ್ಚು ಉಪಯೋಗ.

ಮಿಶ್ರಣ, ಟೈಮಿಂಗ್ ಸರಿಯಿದ್ದೂ ಆಯಿಲ್ 130 ದಾಟುತ್ತಿದ್ದರೆ ಕೂಲರ್ ಹಾಕಿಸಿ. ಪಲ್ಸರ್ 220, ಹಿಮಾಲಯನ್ 411ರಲ್ಲಿ ಬರುವ ಅಳತೆಯದು ಸಾಕು. ಫ್ರೇಮಿನ ಮುಂದೆ ಇಳಿಯುವ ಎರಡು ಡೌನ್ ಟ್ಯೂಬ್‌ಗಳ ಮಧ್ಯೆಯೋ ಒಂಟಿ ಟ್ಯೂಬಿನ ಪಕ್ಕದಲ್ಲೋ ಗಾಳಿ ಸಿಗುವಂತೆ, ಹೆಡ್ಡಿಗೆ ಬರುವ ಗಾಳಿಯನ್ನು ಅಡ್ಡಗಟ್ಟದಂತೆ ಕೂರಿಸಬೇಕು. ಹಾರ್ನ್, ನಂಬರ್ ಪ್ಲೇಟ್, ಟೂಲ್ ಬ್ಯಾಗ್ ಕೂಡ ಹೆಡ್ ಮುಂದೆ ಬೇಡ. ಪೆಟ್ರೋಲ್ ಪೈಪು, ಸ್ಕ್ರೂ ಕ್ಲಿಪ್ ಹಾಕಿ ಕೆಲಸ ಮುಗಿಸಲು ಬಿಡಬೇಡಿ. ತುದಿಗೆ ಪ್ರೆಸ್ ಮಾಡಿದ ಹೈಡ್ರಾಲಿಕ್ ಹೋಸೇ ಬೇಕು, ಒಳ ಅಳತೆ 8ರಿಂದ 10 ಮಿ.ಮೀ. ಅದಕ್ಕಿಂತ ಸಣ್ಣದಾದರೆ ಆಯಿಲ್‌ನ ಓಟಕ್ಕೇ ತಡೆಯಾಗುತ್ತದೆ. ಹೋಸ್ ಬೆಂಡ್ ಪೈಪಿಗೆ ತಾಗಬಾರದು, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗಲೂ ಎಳೆಯಬಾರದು. ಜೋಡಿಸಿದ ಮೇಲೆ ಪ್ಲಗ್ ಬಿಚ್ಚಿ ಆಯಿಲ್ ಬರುವವರೆಗೆ ಎಂಜಿನ್ ತಿರುಗಿಸಿ, ಆಮೇಲೆ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಲೆವೆಲ್ ಮತ್ತೆ ನೋಡಿ. ಕೂಲರ್ ಮತ್ತು ಹೋಸ್ ಕುಡಿದಷ್ಟು ಆಯಿಲ್ ಕಡಿಮೆಯಾಗಿರುತ್ತದೆ. ಡಿಸೆಂಬರ್ ಬೆಳಗಿನ ಸಣ್ಣ ಓಡಾಟದಲ್ಲಿ ಆಯಿಲ್ ಕಾಯದೇ ಹೋದರೆ ಒಳಗಿನ ನೀರಿನಂಶ ಆರದೆ ಮೊಸರಿನಂತೆ ಬೆಳ್ಳಗಾಗುತ್ತದೆ. ಆಗ ಕೂಲರ್ ಮುಂದೆ ರಟ್ಟು ಕಟ್ಟಿ.

ಪ್ರಶ್ನೆ: ಯೆಜ್ಡಿ ರೋಡ್‌ಕಿಂಗ್, ಕೆಫೆ ರೇಸರ್ ಮಾಡಿಸಿದ್ದು. ಏರುವಾಗ ಏನೂ ಆಗುವುದಿಲ್ಲ, ಚಾರ್ಮಾಡಿ ಇಳಿಯುವಾಗ ಎರಡು ಸಲ ಎಂಜಿನ್ ಹಿಡಿದುಕೊಂಡಿತು (ಪಿಸ್ಟನ್ ಸಿಕ್ಕಿಕೊಂಡಿತು). ಈಗ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಆಯಿಲ್) ಜಾಸ್ತಿ ಹಾಕುತ್ತಿದ್ದೇನೆ. (ಮೈಸೂರು)

ಉತ್ತರ: ನಿಮ್ಮ ಊರಿನಲ್ಲೇ ಹುಟ್ಟಿದ ಬೈಕಿನ ಸ್ವಭಾವ ಇದು. ಯೆಜ್ಡಿಗೆ ಬೇರೆ ಆಯಿಲ್ ಪಂಪ್ ಇಲ್ಲ, ಪೆಟ್ರೋಲ್ ಜೊತೆ ಹೋದಷ್ಟೇ ಆಯಿಲ್. ಘಾಟಿ ಇಳಿಯುವಾಗ ಗೇರಿನಲ್ಲೇ ಆಕ್ಸಿಲರೇಟರ್ ಮುಚ್ಚಿ ಬಂದರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಆದರೆ ಪಿಸ್ಟನ್ನಿಗೆ ಆಯಿಲ್ ಬಹುತೇಕ ನಿಂತುಹೋಗಿರುತ್ತದೆ. ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ತಿರುವಿ ಬಿಡಿ. ಇಷ್ಟರಿಂದಲೇ ಅರ್ಧ ತೊಂದರೆ ಹೋಗುತ್ತದೆ. ಬ್ರೇಕ್ ಎರಡೂ ಚೆನ್ನಾಗಿರಲಿ.

ಆಯಿಲ್ ಜಾಸ್ತಿ ಹಾಕುವುದು ಬೇಡ. ಜೆಟ್ಟಿನಲ್ಲಿ ಆಯಿಲ್ ಹೆಚ್ಚು ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗಿ ಮಿಶ್ರಣ ಲೀನ್ ಆಗುತ್ತದೆ, ಸೈಲೆನ್ಸರ್ ಕಾರ್ಬನ್‌ನಿಂದ ಕಟ್ಟುತ್ತದೆ. ಒಳ್ಳೆಯ ಆಯಿಲ್ ಆದರೆ ಲೀಟರಿಗೆ 30ರಿಂದ 40 ಮಿ.ಲೀ. ಸಾಕು, ಅಳತೆ ಲೋಟದಲ್ಲೇ ಅಳೆಯಿರಿ. ವಾರಗಟ್ಟಲೆ ನಿಂತ ಮಿಶ್ರಣ ಬಳಸಬೇಡಿ. ಎರಡೂ ಸೈಲೆನ್ಸರ್‌ಗಳ ಬ್ಯಾಫಲ್ (ಸದ್ದು ತಗ್ಗಿಸುವ ಒಳಭಾಗ) ಬಿಚ್ಚಿ ಕಾರ್ಬನ್ ತೆಗೆಸಿ.

ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಎರಡೂ ಬದಿಯ ರಬ್ಬರ್ ಸೀಲ್) ಎರಡನ್ನೂ ನೋಡಿಸಿ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬರುವುದರಿಂದ ಗೊತ್ತಾಗಿಬಿಡುತ್ತದೆ. ಡೈನಮೊ ಕಡೆಯದು ಹೋದರೆ ಹೊಗೆ ಇರುವುದಿಲ್ಲ, ಬರಿ ಗಾಳಿ ಎಳೆದು ಲೀನ್ ಆಗಿ ಹಿಡಿಯುತ್ತದೆ. ಐಡಲ್ ತಾನಾಗಿಯೇ ಏರುತ್ತಿದ್ದರೆ ಅದೇ ಗುರುತು. ಎರಡು ಸಲ ಹಿಡಿದ ಪಿಸ್ಟನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕಬೇಡಿ. ಗೀರು ನಾಲ್ಕು ಮೂಲೆಯಲ್ಲೂ ಇದ್ದರೆ ಬೋರ್ ಬಿಗಿಯಾಗಿದೆ ಅಥವಾ ತಣ್ಣಗಿನ ಎಂಜಿನ್ನನ್ನು ಒಮ್ಮೆಲೇ ಜೋರಾಗಿ ಓಡಿಸಲಾಗಿದೆ. ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ಲೀನ್ ಅಥವಾ ಆಯಿಲ್ ಕೊರತೆ.

ಪ್ರಶ್ನೆ: ಬೆಂಡ್ ಪೈಪಿಗೆ ಬಟ್ಟೆ ಸುತ್ತಿಸಿದರೆ ಎಂಜಿನ್ ತಣ್ಣಗಿರುತ್ತದೆಯೇ? (ಹಾಸನ)

ಉತ್ತರ: ತಣ್ಣಗಿರುವುದು ನಿಮ್ಮ ಕಾಲು. ಬಿಸಿ ಪೈಪಿನೊಳಗೇ ಉಳಿಯುತ್ತದೆ, ಹೆಡ್ಡಿಗೆ ಹೇಳಿಕೊಳ್ಳುವ ಲಾಭವಿಲ್ಲ. ಮಲೆನಾಡಿನ ಮಳೆಯಲ್ಲಿ ನೆನೆದ ಸುತ್ತು ಒಳಗೊಳಗೇ ಕಬ್ಬಿಣದ ಪೈಪನ್ನು ತುಕ್ಕು ತಿನ್ನಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಆದರೆ ಮಾತ್ರ ಸುತ್ತಿಸಿ, ಇಲ್ಲವೇ ತೂತಿರುವ ತಗಡಿನ ಗಾರ್ಡ್ ಹಾಕಿಸಿ.

ಪ್ರಶ್ನೆ: ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ದಿನಾ ಅರ್ಧ ಗಂಟೆ. ಹೆಡ್ ಮುಂದೆ ಕಂಪ್ಯೂಟರ್ ಫ್ಯಾನ್ ಕಟ್ಟಿದರೆ ಹೇಗೆ? (ಬೆಂಗಳೂರು)

ಉತ್ತರ: ಆ ಫ್ಯಾನಿನ ಗಾಳಿ ಫಿನ್ನುಗಳ ಸಂದಿಗೆ ನುಗ್ಗುವಷ್ಟು ಬಲದ್ದಲ್ಲ, ಮೊದಲ ಮಳೆಗೇ ಕೆಡುತ್ತದೆ. ಆಟೊ ಮತ್ತು ಹಳೇ ಚೇತಕ್ ಎಂಜಿನ್‌ಗಳಲ್ಲಿ ಫ್ಯಾನ್ ಕೆಲಸ ಮಾಡುವುದು ಸುತ್ತಲಿನ ತಗಡಿನ ಕವಚ ಗಾಳಿಯನ್ನು ಫಿನ್ನುಗಳ ಮೇಲೇ ಹಾಯಿಸುವುದರಿಂದ. ಕವಚವಿಲ್ಲದ ಫ್ಯಾನಿನ ಗಾಳಿ ಪಕ್ಕಕ್ಕೆ ಚೆಲ್ಲಿಹೋಗುತ್ತದೆ. ಅಂಥ ಎಂಜಿನ್ನನ್ನು ಬೈಕಿಗೆ ಕೂರಿಸುವವರು ಅಂದಕ್ಕೆಂದು ಕವಚ ತೆಗೆದರೆ ಎಂಜಿನ್ ಕೆಲವೇ ಕಿ.ಮೀ.ನಲ್ಲಿ ಹಿಡಿಯುತ್ತದೆ.

ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡಿ. ಆಫ್ ಮಾಡಿದ ಮೇಲೂ ಮೀಟರ್ ಕೆಲವು ನಿಮಿಷ ಮೇಲೇರುವುದು ಕಂಡರೆ ಗಾಬರಿ ಬೇಡ, ಒಳಗಿನ ಬಿಸಿ ಹೆಡ್ಡಿಗೆ ಹರಡುತ್ತಿರುತ್ತದೆ ಅಷ್ಟೆ. ಮೇಲೆ ನೀರು ಮಾತ್ರ ಸುರಿಯಬೇಡಿ, ಕಾದ ಫಿನ್ ಸೀಳುತ್ತದೆ. ಸಂಜೆ ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಎರಡು ಮೂರು ಸುತ್ತಾದರೂ ತಾನೇ ತಿರುಗದಿದ್ದರೆ ಬ್ರೇಕ್ ಹಿಡಿದಿದೆ ಅಥವಾ ಚೈನ್ ತೀರ ಬಿಗಿಯಾಗಿದೆ, ಎಂಜಿನ್ ಅದನ್ನೂ ಎಳೆದುಕೊಂಡು ಕಾಯುತ್ತಿದೆ.